ಮಾಂಸದ ವಿವಾದದ ನಡುವೆ ಕ್ರಿಸ್ತನ ಸ್ವರೂಪ: 1 ಕೊರಿಂಥ 8ನೆಯ ಅಧ್ಯಾಯದ ಓದು

ಕ್ರಿಸ್ತನು ಯಾರು ಎಂಬ ಪ್ರಶ್ನೆಗೆ ಹೊಸ ಒಡಂಬಡಿಕೆಯಲ್ಲಿ ಉತ್ತರ ಹುಡುಕುವವರು ಸಾಮಾನ್ಯವಾಗಿ ಯೋಹಾನನ ಸುವಾರ್ತೆಯ ಆರಂಭವನ್ನು ತೆರೆಯುತ್ತಾರೆ. ಅದಕ್ಕಿಂತ ಮೊದಲೇ ಬರೆದ, ಅಷ್ಟೇ ಎತ್ತರದ ಒಂದು ವಾಕ್ಯ, ಅಪೊಸ್ತಲ ಪೌಲನು ಕೊರಿಂಥದ ಕ್ರೈಸ್ತ ಸಭೆಗೆ ಬರೆದ ಪತ್ರಿಕೆಯಲ್ಲಿ, 1 ಕೊರಿಂಥ 8:6ರಲ್ಲಿದೆ. ಅದು ನಮ್ಮ ಗಮನದಿಂದ ಜಾರಿಹೋಗಲು ಅದರ ಸುತ್ತಲಿನ ಸಂದರ್ಭವೇ ಕಾರಣವಿರಬಹುದು, ಏಕೆಂದರೆ ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂಬ ಜಗಳದ ಮಧ್ಯದಲ್ಲಿ ಪೌಲನು ಅದನ್ನು ಬರೆದಿದ್ದಾನೆ. ಈ ಸಂದರ್ಭ ಆಕಸ್ಮಿಕವಲ್ಲ, ಆ ವಾಕ್ಯದ ಅರ್ಥಕ್ಕೆ ಅದೇ ಬುನಾದಿ ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಊರನ್ನು ನೋಡೋಣ. ಕ್ರಿ.ಪೂ. 146ರಲ್ಲಿ ರೋಮನರು ನಾಶಮಾಡಿದ ಕೊರಿಂಥವನ್ನು ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ವಸಾಹತಾಗಿ ಮತ್ತೆ ಕಟ್ಟಿಸಿದನು. ಎರಡು ಬಂದರುಗಳ ನಡುವಿನ ಈ ವ್ಯಾಪಾರದ ನಗರದಲ್ಲಿ ಮಾತುಗಾರಿಕೆಗೂ ಅಂತಸ್ತಿಗೂ ಬಹಳ ಬೆಲೆಯಿತ್ತು. ಅಲ್ಲಿನ ಸಭೆಯಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು (ಅಂದರೆ ಪೇತ್ರನವನು) ಎಂದು ಒಬ್ಬೊಬ್ಬ ಬೋಧಕನ ಹೆಸರಿನಲ್ಲಿ ಪಂಗಡಗಳು ಹುಟ್ಟಿದ್ದ ಸುದ್ದಿಯನ್ನು ಖ್ಲೋಯೆ ಎಂಬ ಸ್ತ್ರೀಯ ಮನೆಯವರು ಪೌಲನಿಗೆ ತಲುಪಿಸಿದ್ದರು. ಪತ್ರಿಕೆಯ ಮೊದಲ ಅಧ್ಯಾಯದಲ್ಲೇ ಅವನು ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನನ್ನು ದೇವರ ಶಕ್ತಿಯೂ ದೇವರ ಜ್ಞಾನವೂ ಎಂದು ಕರೆದದ್ದು ಈ ಪಂಗಡದವರ ಮುಖಕ್ಕೇ. ಶಿಲುಬೆಯು ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಮರಣದಂಡನೆಯಾಗಿದ್ದ ಕಾಲದಲ್ಲಿ ಇದು ಎಷ್ಟು ಅಸಂಬದ್ಧವಾಗಿ ಕೇಳಿಸಿರಬೇಕೆಂಬುದು, ಶಿಲುಬೆಯನ್ನು ಆಭರಣವಾಗಿ ಧರಿಸುವ ನಮಗೆ ಸುಲಭವಾಗಿ ಹೊಳೆಯುವುದಿಲ್ಲ.

ಈಗ 8ನೆಯ ಅಧ್ಯಾಯಕ್ಕೆ ಬರೋಣ. ಗುಡಿಗಳಲ್ಲಿ ಬಲಿಯಾದ ಪ್ರಾಣಿಗಳ ಮಾಂಸ ಸಂತೆಗೂ ಬರುತ್ತಿತ್ತು, ಗುಡಿಯ ಊಟದ ಸಾಲೆಗಳಲ್ಲಿಯೂ ಬಡಿಸಲ್ಪಡುತ್ತಿತ್ತು. ಕೊರಿಂಥದಲ್ಲಿ ಗ್ರೀಕರ ವೈದ್ಯದೇವತೆ ಅಸ್ಕ್ಲೇಪಿಯಸನ ದೇವಾಲಯದ ಆವರಣದಲ್ಲಿ ಇಂಥ ಊಟದ ಕೋಣೆಗಳ ಅವಶೇಷಗಳು ಉತ್ಖನನದಲ್ಲಿ ದೊರೆತಿವೆ. ವಿಗ್ರಹವು ಏನೂ ಅಲ್ಲ, ಒಬ್ಬನೇ ದೇವರಿರುವುದು, ಆದ್ದರಿಂದ ನಾವು ಅಲ್ಲಿ ಕುಳಿತು ಉಂಡರೂ ತಪ್ಪಿಲ್ಲ ಎಂದು ಸಭೆಯ ತಿಳಿದವರು ವಾದಿಸಿದರು. ಪೌಲನು ಅವರ ದೇವತಾಶಾಸ್ತ್ರವನ್ನು ಅಲ್ಲಗಳೆಯುವುದಿಲ್ಲ, ಅದನ್ನು ಇನ್ನಷ್ಟು ಮೇಲಕ್ಕೊಯ್ಯುತ್ತಾನೆ. ಇಸ್ರಾಯೇಲರು ನಿತ್ಯ ಉಚ್ಚರಿಸುತ್ತಿದ್ದ, ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 6:4ರ 'ಯೆಹೋವನು ಒಬ್ಬನೇ' ಎಂಬ ಅರಿಕೆಯೊಳಗೇ ಅವನು ಯೇಸುವನ್ನು ನಿಲ್ಲಿಸುತ್ತಾನೆ: ತಂದೆಯಾದ ಒಬ್ಬನೇ ದೇವರು, ಸಮಸ್ತವೂ ಆತನಿಂದ, ಒಬ್ಬನೇ ಕರ್ತನಾದ ಯೇಸು ಕ್ರಿಸ್ತನು, ಸಮಸ್ತವೂ ಆತನ ಮೂಲಕ. ಯೆಹೋವನು ಜ್ಞಾನದ ಮೂಲಕ ಭೂಮಿಯನ್ನು ಸ್ಥಾಪಿಸಿದನೆಂದು ಹಳೆಯ ಒಡಂಬಡಿಕೆಯ ಜ್ಞಾನೋಕ್ತಿ 3:19 ಹೇಳುತ್ತದೆ, ಅದೇ ಪುಸ್ತಕದ 8ನೆಯ ಅಧ್ಯಾಯದಲ್ಲಿ ಆ ಜ್ಞಾನವು ಸೃಷ್ಟಿಯ ವೇಳೆ ಆತನ ಬಳಿಯಲ್ಲಿದ್ದೆನೆಂದು ತಾನೇ ಮಾತಾಡುತ್ತದೆ. ಆ ಸ್ಥಾನದಲ್ಲಿ ಪೌಲನು ಕೆಲವೇ ದಶಕಗಳ ಹಿಂದೆ ಶಿಲುಬೆಯಲ್ಲಿ ಸತ್ತ ಒಬ್ಬ ಮನುಷ್ಯನನ್ನು ಇಟ್ಟು ಮಾತಾಡುತ್ತಿದ್ದಾನೆ.

ಮುಂದಿನ ಶತಮಾನಗಳು ಈ ಎಳೆಯನ್ನೇ ಹಿಡಿದು ಬಹಳ ದೂರ ಹೋದವು. ಜ್ಞಾನೋಕ್ತಿಯ ಆ ಅಧ್ಯಾಯವನ್ನು ಆಧರಿಸಿ ಮಗನು ಸೃಷ್ಟಿಗೆ ಸೇರಿದವನೆಂದು ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸನ ಪಕ್ಷದವರು ವಾದಿಸಿದರು. 325ರಲ್ಲಿ ಬಿಷಪರು ಕೂಡಿದ ನೈಕಿಯ ಮಹಾಸಭೆ ಮಗನು ಹುಟ್ಟಿದವನೇ ಹೊರತು ಸೃಷ್ಟಿಯಾದವನಲ್ಲ, ತಂದೆಯೊಂದಿಗೆ ಏಕಸತ್ವನು, ಅಂದರೆ ಒಂದೇ ಸತ್ವವುಳ್ಳವನು ಎಂದು ತೀರ್ಮಾನಿಸಿತು. 451ರ ಕಲ್ಕೆದೋನ್ ಮಹಾಸಭೆ ಒಬ್ಬನೇ ಕ್ರಿಸ್ತನಲ್ಲಿ ದೈವ ಮತ್ತು ಮಾನುಷ ಸ್ವಭಾವಗಳು ಬೆರಕೆಯಾಗದೆ, ಬೇರ್ಪಡದೆ ಇವೆ ಎಂದು ಒಪ್ಪಿಕೊಂಡಿತು. ಪರೀಕ್ಷೆಗೆ ಓದುವವರು ಈ ವರ್ಷಗಳನ್ನು ನೆನಪಿಟ್ಟುಕೊಳ್ಳಲಿ, ಆದರೆ ಪೌಲನ ಅಧ್ಯಾಯವು 6ನೆಯ ವಚನಕ್ಕೆ ನಿಲ್ಲುವುದಿಲ್ಲ.

ಐದು ವಚನಗಳು ದಾಟಿದರೆ, ನಿನ್ನ ತಿಳಿವಳಿಕೆಯಿಂದ ನಾಶವಾಗುವ ಬಲಹೀನನು ಯಾವನ ನಿಮಿತ್ತ ಕ್ರಿಸ್ತನು ಸತ್ತನೋ ಆ ಸಹೋದರನೇ ಎಂಬ ಮಾತು ಬರುತ್ತದೆ. ನಿನ್ನೆಯವರೆಗೆ ವಿಗ್ರಹವನ್ನು ಪೂಜಿಸಿ, ಇಂದಿಗೂ ಅದರ ಭಯವನ್ನು ಪೂರ್ತಿ ಕಳೆದುಕೊಳ್ಳದ ಮನುಷ್ಯ ಅವನು. ತಿಳಿದವನು ಗುಡಿಯಲ್ಲಿ ಉಣ್ಣುವುದನ್ನು ಕಂಡು ಅವನೂ ಮನಸ್ಸಾಕ್ಷಿಗೆ ವಿರುದ್ಧವಾಗಿ ಉಣ್ಣುತ್ತಾನೆ. ಸಮಸ್ತವೂ ಯಾವ ಕರ್ತನ ಮೂಲಕ ಉಂಟಾಯಿತೋ ಆತನೇ ಇವನಿಗಾಗಿ ಸತ್ತವನು. ಹಾಗಾಗಿ ಕರ್ತನನ್ನು ಸರಿಯಾಗಿ ಅರಿತವನಿಗೆ ಈ ಬಲಹೀನನು ಕ್ಷುಲ್ಲಕನಾಗಿ ಕಾಣಲಾರನು. ತಿಳಿವಳಿಕೆಯು ಉಬ್ಬಿಸುತ್ತದೆ, ಪ್ರೀತಿಯು ಕಟ್ಟುತ್ತದೆ ಎಂದು ಅಧ್ಯಾಯದ ಆರಂಭದಲ್ಲಿ ಬರೆದಾಗ ಪೌಲನು ಅಜ್ಞಾನವನ್ನು ಹೊಗಳುತ್ತಿರಲಿಲ್ಲ. ತಿಳಿದವರ ಸಿದ್ಧಾಂತ ಸರಿಯಿದ್ದರೂ ಅದು ಪಕ್ಕದವನವರೆಗೆ ತಲುಪಿಲ್ಲ ಎಂಬುದೇ ಅವನ ಆಕ್ಷೇಪ. ಮದುವೆಗಳಲ್ಲಿ ನಾವು ಅಕ್ಕರೆಯಿಂದ ಓದಿಸುವ, ಪ್ರೀತಿಯ ಕುರಿತಾದ 13ನೆಯ ಅಧ್ಯಾಯವೂ ಇದೇ ಜಗಳಗಂಟ ಸಭೆಗೆ ಬರೆದದ್ದು.

9ನೆಯ ಅಧ್ಯಾಯವನ್ನು ವಿಷಯಾಂತರವೆಂದು ದಾಟಿಬಿಡುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಸಭೆಯಿಂದ ಜೀವನಾಧಾರ ಪಡೆಯುವ ಹಕ್ಕು ತನಗಿದ್ದರೂ ಅದನ್ನು ಬಿಟ್ಟುಕೊಟ್ಟದ್ದನ್ನು ಪೌಲನು ಅಲ್ಲಿ ವಿವರಿಸುತ್ತಾನೆ. ದೇವಸ್ವರೂಪನಾಗಿದ್ದರೂ ದಾಸನ ರೂಪವನ್ನು ಧರಿಸಿದ ಕ್ರಿಸ್ತನ ಕುರಿತಾದ ಫಿಲಿಪ್ಪಿ 2:6–8ರ ನಡೆಯೂ ಇದೇ, ಯೋಹಾನ 13ರಲ್ಲಿ ತಂದೆಯು ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆಂದು ತಿಳಿದವನಾಗಿಯೇ ಯೇಸು ಶಿಷ್ಯರ ಕಾಲು ತೊಳೆಯಲು ಏಳುವುದೂ ಇದೇ.

ವಿವಾದಕ್ಕೆ ಪೌಲನು ಕೊಡುವ ವ್ಯಾವಹಾರಿಕ ಉತ್ತರ 10ನೆಯ ಅಧ್ಯಾಯದಲ್ಲಿದೆ. ವಿಗ್ರಹದ ಪೂಜೆಯ ಪಂಕ್ತಿಗೆ ಹೋಗಲೇಬಾರದು. ಸಂತೆಯಲ್ಲಿ ಮಾರುವುದನ್ನು ಪ್ರಶ್ನಿಸದೆ ಕೊಂಡು ತಿನ್ನಬಹುದು, ನಂಬದವನು ಊಟಕ್ಕೆ ಕರೆದಾಗ ಬಡಿಸಿದ್ದನ್ನು ಉಣ್ಣಬಹುದು. ಆದರೆ ಇದು ಅರ್ಪಿಸಿದ ಮಾಂಸವೆಂದು ಯಾರಾದರೂ ಹೇಳಿದರೆ, ಹಾಗೆ ಹೇಳಿದವನ ಮನಸ್ಸಾಕ್ಷಿಗಾಗಿ ಅದನ್ನು ತಿನ್ನಬಾರದು.