ಹೊಟ್ಟೆಯ ನೀರಿನ ಸೋಂಕು: ಬಾಟಲಿ ಬದಲಾದಾಗ ಸಿಕ್ಕ ಬ್ಯಾಕ್ಟೀರಿಯಾ

ಸಕಲೇಶಪುರ, ಮೂಡಿಗೆರೆ ಕಡೆಯಿಂದ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹಾಸನಕ್ಕೆ ಬರುವ ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ರೋಗಿಗೆ ಜ್ವರ, ಹೊಟ್ಟೆನೋವು ಅಥವಾ ಮಂಪರು ಕಂಡರೆ ತಕ್ಷಣ ಸೂಜಿ ಹಾಕಿ ಆ ನೀರನ್ನು ಪರೀಕ್ಷಿಸಬೇಕು. ನೀರು ತೆಗೆಸಿದರೆ ಜೀವಕ್ಕೆ ಅಪಾಯ ಎಂದು ಮನೆಯವರು ಹಿಂಜರಿಯುವುದುಂಟು. ನಿಜವಾದ ಅಪಾಯ ತಡಮಾಡುವುದರಲ್ಲಿದೆ.

ಕರುಳು ತೂತಾಗದೆಯೂ ಈ ನೀರಿಗೆ ಸೋಂಕು ತಗಲುತ್ತದೆ. ಸಿರೋಸಿಸ್‌ನಲ್ಲಿ ಕರುಳಿನ ಗೋಡೆಯ ಕಾವಲು ಸಡಿಲವಾಗಿ ಬ್ಯಾಕ್ಟೀರಿಯಾ ರಕ್ತಕ್ಕೆ, ಅಲ್ಲಿಂದ ಹೊಟ್ಟೆಯ ನೀರಿಗೆ ಇಳಿಯುತ್ತದೆ. 1964ರಲ್ಲಿ ಅಮೆರಿಕದ ವೈದ್ಯ ಹೆರಾಲ್ಡ್ ಕಾನ್ ಇದನ್ನು 'ಸ್ಪಾಂಟೇನಿಯಸ್ ಪೆರಿಟೋನೈಟಿಸ್' (ತಾನಾಗಿ ಬರುವ ಹೊಟ್ಟೆಪೊರೆಯ ಉರಿಯೂತ) ಎಂದು ವಿವರಿಸಿದರು. ಆಗ ಸೋಂಕು ತಗುಲಿದ ಹೆಚ್ಚಿನವರು ಉಳಿಯುತ್ತಿರಲಿಲ್ಲ. 1985ರ ಹೊತ್ತಿಗೆ ಸೆಫೋಟಾಕ್ಸಿಮ್ ಎಂಬ ಆಂಟಿಬಯೋಟಿಕ್ ಬಂತು. ಜೊತೆಗೆ ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಕೊಟ್ಟರೆ ಕಿಡ್ನಿ ಉಳಿಯುತ್ತದೆಂದು 1999ರಲ್ಲಿ ಖಚಿತವಾಯಿತು: ಪ್ರತಿ ಕೆಜಿ ತೂಕಕ್ಕೆ ಮೊದಲ ದಿನ 1.5 ಗ್ರಾಂ, ಮೂರನೇ ದಿನ 1 ಗ್ರಾಂ.

ಆದರೆ ಯಾವ ಬ್ಯಾಕ್ಟೀರಿಯಾ ಎಂಬುದು ಎಷ್ಟೋ ಸಲ ತಿಳಿಯುತ್ತಲೇ ಇರಲಿಲ್ಲ. ಈ ನೀರಿನಲ್ಲಿ ಅವುಗಳ ಸಂಖ್ಯೆ ತೀರಾ ಕಡಿಮೆ. ಸಾದಾ ಟ್ಯೂಬಿನಲ್ಲಿ ಲ್ಯಾಬಿಗೆ ಹೋದರೆ ಅರ್ಧಕ್ಕರ್ಧ ಬೆಳೆಯುವುದೇ ಇಲ್ಲ. 1980ರ ದಶಕದಲ್ಲಿ ರೋಗಿಯ ಹಾಸಿಗೆ ಪಕ್ಕದಲ್ಲೇ ನೀರನ್ನು ಬ್ಲಡ್ ಕಲ್ಚರ್ ಬಾಟಲಿಗೆ (ಬ್ಯಾಕ್ಟೀರಿಯಾ ಬೆಳೆಸುವ ದ್ರವವಿರುವ ಬಾಟಲಿ) ಹಾಕಿ ನೋಡಿದಾಗ ಸುಮಾರು 80 ಶೇಕಡಾ ಮಾದರಿಗಳಲ್ಲಿ ಬೆಳೆಯಿತು. ಇಷ್ಟು ಸರಳ ಕೆಲಸವನ್ನು ಇಂದಿಗೂ ಬಿಡಬಾರದು. ಎಡಗಡೆ ಸೊಂಟದ ಮೂಳೆಯ ಮುಂತುದಿಯಿಂದ 3 ಸೆಂ.ಮೀ. ಒಳಕ್ಕೆ, 3 ಸೆಂ.ಮೀ. ಮೇಲಕ್ಕೆ ಸೂಜಿ ಹಾಕಬೇಕು. ಬಾಟಲಿಯ ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿ, ಸೂಜಿ ಬದಲಿಸಿ, ಒಂದೊಂದಕ್ಕೆ 10 ಮಿ.ಲೀ. ತುಂಬಬೇಕು. ರಾತ್ರಿ ಲ್ಯಾಬ್ ಮುಚ್ಚಿದ್ದರೂ ಬಾಟಲಿ ಫ್ರಿಜ್‌ಗೆ ಹೋಗಬಾರದು. ಕೋಶ ಎಣಿಕೆಗೆ ಬೇರೆ, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್ ಬೇಕು; ಘನ ಮಿ.ಮೀ.ಗೆ 250 ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ) ಮುಟ್ಟಿದರೆ ಕಲ್ಚರ್ ವರದಿಗೆ ಕಾಯದೆ ಔಷಧ ಶುರು.

ಹೆಚ್ಚಾಗಿ ಸಿಗುವುದು ಇ. ಕೋಲಿ, ಕ್ಲೆಬ್ಸಿಯೆಲ್ಲಾ. ಅಪರೂಪಕ್ಕೆ ಏರೋಮೊನಾಸ್ ಬರುತ್ತದೆ. ಅದು ಕೆರೆ, ಹಿನ್ನೀರಿನಂಥ ಸಿಹಿನೀರಿನದು. ಇವೆರಡರ ವ್ಯತ್ಯಾಸ ತೋರಿಸುವ ಆಕ್ಸಿಡೇಸ್ ಪರೀಕ್ಷೆಯನ್ನು ಮಾಡದೆ ಬಿಟ್ಟರೆ ಇ. ಕೋಲಿಯೆಂದೇ ವರದಿಯಾದೀತು. ಲಿಸ್ಟೀರಿಯಾ ಇದ್ದರಂತೂ ಸೆಫೋಟಾಕ್ಸಿಮ್ ಕೆಲಸ ಮಾಡುವುದೇ ಇಲ್ಲ, ಆಂಪಿಸಿಲಿನ್ ಬೇಕು.

48 ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೆ ನೀರು ತೆಗೆದು ಎಣಿಸಬೇಕು. ನ್ಯೂಟ್ರೋಫಿಲ್ ಕಾಲು ಭಾಗವಾದರೂ ಇಳಿಯದಿದ್ದರೆ ಔಷಧ ಬದಲಿಸಬೇಕು. ಹಲವು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆದರೆ ಕರುಳು ತೂತಾಗಿರಬಹುದು. ಆಗ ಸ್ಕ್ಯಾನ್ ಮಾಡಿಸಿ ಸರ್ಜನ್‌ರನ್ನು ಕರೆಯಬೇಕು.