ಕಥೆ ಓದಿದರೆ ಬಂದೂಕಿನ ಬಗ್ಗೆ ಅಭಿಪ್ರಾಯ ಬದಲಾಗುತ್ತಾ?

ಬಂದೂಕು ಕಾನೂನಿನ ವಿಷಯದಲ್ಲಿ ಅಮೆರಿಕದವರನ್ನು ಅಂಕಿ-ಅಂಶ ಕೊಟ್ಟು ಒಪ್ಪಿಸಬಹುದು ಅಂತ ನಂಬುವವರಿಗೆ ಒಂದು ಪ್ರಯೋಗದ ಬಗ್ಗೆ ಹೇಳಬೇಕು. ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತು ಜೊತೆಗಾರರು ಸುಮಾರು 1,100 ಅಮೆರಿಕನ್ನರಿಗೆ ನಾಲ್ಕೇ ನಾಲ್ಕು ಅಂಕಿ ತೋರಿಸಿದರು. ಕೆಲವರಿಗೆ ಹೇಳಿದ್ದು ಹೀಗೆ: ಚರ್ಮದ ದದ್ದಿಗೆ ಹೊಸ ಕ್ರೀಮ್ ಬಂದಿದೆ. ಹಚ್ಚಿಕೊಂಡವರಲ್ಲಿ 223 ಜನಕ್ಕೆ ಕಡಿಮೆಯಾಯಿತು, 75 ಜನಕ್ಕೆ ಜಾಸ್ತಿಯಾಯಿತು. ಹಚ್ಚಿಕೊಳ್ಳದವರಲ್ಲಿ 107 ಜನಕ್ಕೆ ಕಡಿಮೆಯಾಯಿತು, 21 ಜನಕ್ಕೆ ಜಾಸ್ತಿಯಾಯಿತು. ಕ್ರೀಮ್ ಕೆಲಸ ಮಾಡಿತಾ?

223 ನೋಡಿದ ತಕ್ಷಣ ಹೌದು ಅನ್ನಿಸುತ್ತದೆ. ಭಾಗಿಸಿ ನೋಡಿ. ಕ್ರೀಮ್ ಹಚ್ಚಿದವರಲ್ಲಿ ಗುಣವಾದವರು ಸುಮಾರು ಶೇ. 75, ಹಚ್ಚದವರಲ್ಲಿ ಸುಮಾರು ಶೇ. 84. ಸುಮ್ನೆ ಬಿಟ್ಟಿದ್ದರೇ ಒಳ್ಳೆಯದಿತ್ತು. ಲೆಕ್ಕದಲ್ಲಿ ಚುರುಕಾಗಿದ್ದವರು ಇದನ್ನು ಹಿಡಿದರು. ಇನ್ನು ಕೆಲವರಿಗೆ ಅವೇ ಅಂಕಿ, ವಿಷಯ ಮಾತ್ರ ಬೇರೆ: ಪಿಸ್ತೂಲನ್ನು ಬಚ್ಚಿಟ್ಟುಕೊಂಡು ಓಡಾಡುವುದನ್ನು ನಿಷೇಧಿಸಿದ ಊರುಗಳಲ್ಲಿ ಅಪರಾಧ ಕಡಿಮೆಯಾಯಿತೇ, ಜಾಸ್ತಿಯಾಯಿತೇ? ಈಗ ಲೆಕ್ಕದ ಜಾಣರೂ ಎಡವಿದರು. ಉತ್ತರ ತಮ್ಮ ಪಕ್ಷಕ್ಕೆ ಹೊಂದುವಂತಿದ್ದರೆ ಸರಿಯಾಗಿ ಲೆಕ್ಕ ಹಾಕಿದರು. ಹೊಂದದಿದ್ದರೆ ಮೊದಲ ನೋಟಕ್ಕೆ ಕಂಡ ತಪ್ಪು ಉತ್ತರಕ್ಕೇ ಅಂಟಿಕೊಂಡರು. ಗಣಿತ ಚೆನ್ನಾಗಿ ಬಂದಷ್ಟೂ ಎರಡು ಪಕ್ಷದವರ ನಡುವಿನ ಅಂತರ ಜಾಸ್ತಿಯಾಯಿತು!

ಅಂಕಿ ಸೋತ ಮೇಲೆ ಎಲ್ಲರೂ ಕಥೆಯ ಕಡೆ ತಿರುಗುತ್ತಾರೆ. ‘ಒಂದು ಒಳ್ಳೆ ಕಾದಂಬರಿ ಸಾಕು, ಮನಸ್ಸು ಕರಗುತ್ತದೆ’ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಅದರ ಹಿಂದೆಯೇ ಲಿಂಕನ್ ಬರುತ್ತಾರೆ. ಗುಲಾಮಗಿರಿಯ ವಿರುದ್ಧ 1852ರಲ್ಲಿ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದ ಹ್ಯಾರಿಯಟ್ ಬೀಚರ್ ಸ್ಟೋವ್ ಅವರನ್ನು ಕಂಡು, ಈ ಮಹಾಯುದ್ಧಕ್ಕೆ (ಅಂದರೆ ಅಮೆರಿಕದ ಅಂತರ್ಯುದ್ಧಕ್ಕೆ) ಕಾರಣವಾದ ಪುಟ್ಟ ಹೆಂಗಸು ನೀವೇನಾ ಅಂತ ಲಿಂಕನ್ ಕೇಳಿದರಂತೆ. ಅವರಿಬ್ಬರ ಭೇಟಿ ನಡೆದದ್ದು 1862ರಲ್ಲಿ. ಈ ಮಾತು ಅಚ್ಚಾದದ್ದು ಅದಾಗಿ ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಅದನ್ನು ವೇದವಾಕ್ಯ ಮಾಡಿಕೊಂಡವರನ್ನು ಕಂಡರೆ ನನಗೆ ತಾಳ್ಮೆ ಇರುವುದಿಲ್ಲ. ಆ ಕಾದಂಬರಿ ಮೊದಲ ವರ್ಷವೇ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿ ಮಾರಾಟವಾದದ್ದು ನಿಜ. ಗುಲಾಮಗಿರಿಯ ಪರವಾದವರು ಅದನ್ನು ಓದಿ ಕಣ್ಣೀರಿಟ್ಟು ಮನಸ್ಸು ಬದಲಾಯಿಸಿಕೊಂಡರೇ? ಅವರು ಉತ್ತರವಾಗಿ ತಮ್ಮದೇ ಕಾದಂಬರಿಗಳನ್ನು ಬರೆದರು, ಇಪ್ಪತ್ತಕ್ಕೂ ಹೆಚ್ಚು. ಅವುಗಳಲ್ಲಿ ಯಜಮಾನರು ದಯಾವಂತರು, ಗುಲಾಮರು ಸುಖವಾಗಿದ್ದರು.

ಹಾಗಂತ ಕಥೆಗೆ ಶಕ್ತಿಯೇ ಇಲ್ಲ ಅಂತಲ್ಲ. ಇದೆ, ಅದೂ ಪ್ರಯೋಗಶಾಲೆಯಲ್ಲಿ ಅಳೆಯುವಷ್ಟು.

2000ದಲ್ಲಿ ಮೆಲನಿ ಗ್ರೀನ್ ಮತ್ತು ತಿಮೊತಿ ಬ್ರಾಕ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕಥೆ ಓದಲು ಕೊಟ್ಟರು. ಒಂದು ಮಾಲ್‌. ಅಲ್ಲಿ ಎಲ್ಲರೆದುರೇ ಒಂದು ಪುಟ್ಟ ಹುಡುಗಿಯ ಕೊಲೆಯಾಗುತ್ತದೆ. ಕೊಂದವನು ಮಾನಸಿಕ ಆಸ್ಪತ್ರೆಯಿಂದ ಹೊರಗೆ ಬಂದಿದ್ದ ರೋಗಿ. ಕೆಲವರಿಗೆ ಇದು ನಿಜವಾಗಿ ನಡೆದದ್ದು ಎಂದರು, ಕೆಲವರಿಗೆ ಕಟ್ಟುಕಥೆ ಎಂದರು. ಕಥೆಯಲ್ಲಿ ಎಷ್ಟು ಮುಳುಗಿದ್ದರು ಅಂತ ಅಳೆಯುವುದಕ್ಕೆ ಪ್ರಶ್ನೆಗಳಿದ್ದವು: ಘಟನೆ ಕಣ್ಣ ಮುಂದೆ ಬಂತೇ, ನಡುವೆ ಮನಸ್ಸು ಬೇರೆಡೆ ಹೋಯಿತೇ, ಹೀಗೆ. ಚೆನ್ನಾಗಿ ಮುಳುಗಿದವರು ಮಾಲ್‌ಗಳಲ್ಲಿ ಇಂಥ ದಾಳಿ ಜಾಸ್ತಿ ನಡೆಯುತ್ತವೆ ಎಂದರು. ಮಾನಸಿಕ ರೋಗಿಗಳ ಸ್ವಾತಂತ್ರ್ಯಕ್ಕೆ ಕಡಿವಾಣ ಬೇಕು ಎಂದರು. ಕಥೆಗೆ ‘ನಿಜ’ ಅಂತ ಚೀಟಿ ಅಂಟಿಸಿದ್ದರೂ ‘ಕಲ್ಪನೆ’ ಅಂತ ಅಂಟಿಸಿದ್ದರೂ ಫಲಿತಾಂಶ ಒಂದೇ.

ಆ ಅಧ್ಯಯನದಲ್ಲಿ ಇನ್ನೊಂದು ಸಣ್ಣ ಪರೀಕ್ಷೆ ಇತ್ತು. ಸುಳ್ಳು ಹೇಳಿದರೆ ಮೂಗು ಉದ್ದವಾಗುವ ಪಿನೋಕಿಯೋ ಗೊತ್ತಲ್ಲ, ಅವನ ಹೆಸರಿನ ಪರೀಕ್ಷೆ. ಕಥೆಯಲ್ಲಿ ಎಲ್ಲಿ ಸುಳ್ಳು ಅನ್ನಿಸಿತೋ ಅಲ್ಲಿ ಸುತ್ತು ಹಾಕಿ ಅಂದರು. ಮುಳುಗಿ ಓದಿದವರ ಹಾಳೆಯಲ್ಲಿ ಸುತ್ತುಗಳು ಕಡಿಮೆ ಇದ್ದವು. ನನಗೆ ಇಡೀ ಅಧ್ಯಯನದಲ್ಲಿ ತುಂಬಾ ಇಷ್ಟವಾದದ್ದು ಈ ಸುತ್ತುಗಳೇ. ಕಥೆ ಓದುಗನನ್ನು ವಾದದಲ್ಲಿ ಗೆಲ್ಲುವುದಿಲ್ಲ. ವಾದ ಮಾಡುವ ಕೆಲಸವನ್ನೇ ಅವನು ಮರೆಯುತ್ತಾನೆ.

ಅಪಾರ್ಟ್‌ಮೆಂಟಿನ ಗೇಟಲ್ಲಿ ವಾಚ್‌ಮ್ಯಾನ್ ಇರುತ್ತಾರಲ್ಲ. ಅಪರಿಚಿತರು ಬಂದರೆ ಹೆಸರು, ಫೋನ್ ನಂಬರು, ಯಾರ ಮನೆ ಅಂತೆಲ್ಲ ಕೇಳುತ್ತಾರೆ. ಆದರೆ ಮನೆಯವರ ಕಾರಲ್ಲೇ ಕೂತು ಬಂದವರನ್ನು ಯಾರೂ ಕೇಳುವುದಿಲ್ಲ. ವಾದ ಗೇಟಿಗೆ ನಡೆದುಕೊಂಡು ಬರುತ್ತದೆ. ಕಥೆಯಲ್ಲಿನ ಸಂಗತಿ, ನಮಗೆ ಇಷ್ಟವಾದ ಪಾತ್ರದ ಜೊತೆ ಕಾರಿನಲ್ಲಿ ಬರುತ್ತದೆ. 1817ರಲ್ಲಿ ಕವಿ ಕೋಲ್‌ರಿಜ್, ಓದುಗ ತನ್ನ ಅಪನಂಬಿಕೆಯನ್ನು ಬೇಕೆಂದೇ ಬದಿಗಿಡುತ್ತಾನೆ ಅಂದಿದ್ದರು. ಸಾಹಿತ್ಯದ ತರಗತಿಗಳಲ್ಲಿ ಇವತ್ತಿಗೂ ಅದನ್ನೇ ಹೇಳಿಕೊಡುತ್ತಾರೆ. ಮನೋವಿಜ್ಞಾನಿ ರಿಚರ್ಡ್ ಗೆರಿಗ್ ಇದನ್ನು ತಲೆಕೆಳಗು ಮಾಡಿದರು. ಅವರ ಪ್ರಕಾರ ನಂಬುವುದಕ್ಕೆ ಏನೂ ಶ್ರಮ ಬೇಡ, ಓದಿದ್ದನ್ನು ಮನಸ್ಸು ಮೊದಲು ನಂಬಿಯೇ ಬಿಡುತ್ತದೆ. ಬೇಕೆಂದು ಮಾಡಬೇಕಾದ ಕೆಲಸ ಅಪನಂಬಿಕೆ. ಹದಿನೇಳನೇ ಶತಮಾನದ ತತ್ವಜ್ಞಾನಿ ಸ್ಪಿನೋಜಾ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಗೆರಿಗ್ ಜೊತೆಗಾರರೊಂದಿಗೆ ಮಾಡಿದ ಪ್ರಯೋಗಗಳಲ್ಲಿ, ಮನೋರೋಗ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎನ್ನುವಂಥ ಹಸಿ ಸುಳ್ಳನ್ನು ಪಾತ್ರಗಳ ಬಾಯಲ್ಲಿ ಹೇಳಿಸಿದ್ದರು. ಕಥೆ ಓದಿದವರು ಅಂಥ ಮಾತುಗಳ ಕಡೆ ವಾಲಿದರು. ಜರ್ಮನಿಯಲ್ಲಿ ಆಪೆಲ್ ಮತ್ತು ರಿಕ್ಟರ್ 2007ರಲ್ಲಿ ಇನ್ನೂ ಕಸಿವಿಸಿಯಾಗುವ ಸಂಗತಿ ಕಂಡುಕೊಂಡರು: ಎರಡು ವಾರ ಕಳೆದ ಮೇಲೆ ಈ ಪರಿಣಾಮ ಇಳಿದಿರಲಿಲ್ಲ, ಏರಿತ್ತು. ಎಲ್ಲಿ ಓದಿದ್ದು ಅನ್ನುವುದು ಮರೆತು, ಏನು ಓದಿದ್ದು ಅನ್ನುವುದು ಉಳಿದರೆ ಹೀಗಾಗುತ್ತದೆ. ವಾಟ್ಸ್ಆ್ಯಪಿನ ಅಂತೆಕಂತೆಗಳು ನೆನಪಾದವು ಅಲ್ವಾ?

ಈ ಉತ್ಸಾಹಕ್ಕೆ ಸ್ವಲ್ಪ ಲಗಾಮು ಹಾಕಬೇಕು. ಸಾಹಿತ್ಯ ಓದಿದರೆ ಬೇರೆಯವರ ಮನಸ್ಸು ಚೆನ್ನಾಗಿ ಅರ್ಥವಾಗುತ್ತದೆ ಅಂತ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂದಿತ್ತು. ಪುಸ್ತಕಪ್ರೇಮಿಗಳೆಲ್ಲ ಕುಣಿದಾಡಿದರು. 2018ರಲ್ಲಿ ‘ನೇಚರ್’ ಮತ್ತು ‘ಸೈನ್ಸ್’ನಲ್ಲಿ ಬಂದ 21 ಸಮಾಜವಿಜ್ಞಾನ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ, ಮರಳಿ ಸಿಗದ ಫಲಿತಾಂಶಗಳ ಸಾಲಿನಲ್ಲಿ ಅದೂ ಇತ್ತು. ಟಿವಿ ನಾಟಕಗಳ ಬಗ್ಗೆ 2006ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲೂ ಎರಡು ಉತ್ತರ ಸಿಕ್ಕವು. ಮರಣದಂಡನೆಯ ಕುರಿತ ನಾಟಕ ನೋಡಿದವರಲ್ಲಿ, ರಾಜಕೀಯ ಒಲವಿನಿಂದ ಬರುವ ಭಿನ್ನಾಭಿಪ್ರಾಯ ಮಾಯವಾಗಿತ್ತು. ಸಲಿಂಗ ವಿವಾಹದ ನಾಟಕಕ್ಕೆ ಅದು ಆಗಲಿಲ್ಲ.

ಹಾಗಾದರೆ ಬಂದೂಕಿನ ಕಥೆ? ನನ್ನ ಲೆಕ್ಕ ಇದು: ಕಾನೂನು ಬೇಕೇ ಬೇಡವೇ ಎಂಬ ಉತ್ತರವನ್ನು ಕಥೆ ನೇರವಾಗಿ ಅಲುಗಿಸುವುದು ಕಷ್ಟ. ಆ ಉತ್ತರ ‘ನಾನು ಯಾರ ಕಡೆಯವನು’ ಅನ್ನುವುದಕ್ಕೆ ಅಂಟಿಕೊಂಡಿದೆ. ಕಥೆ ಬದಲಿಸುವುದು ಅದಕ್ಕೂ ಕೆಳಗಿನದನ್ನು. ಬಂದೂಕು ಅಂದ ಕೂಡಲೇ ಕಣ್ಣಿಗೆ ಬರುವ ಚಿತ್ರವನ್ನು. ನಮ್ಮ ಕೊಡಗನ್ನೇ ನೋಡಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್ ಮುಹೂರ್ತ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಅಲ್ಲಿ ಬೆಳೆದ ಓದುಗರಿಗೆ ಪುಟದ ಮೇಲಿನ ‘ಕೋವಿ’ ಒಂದು, ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದವರಿಗೆ ಇನ್ನೊಂದು.

ಆ ಚಿತ್ರವನ್ನು ಕಥೆ ನ್ಯಾಯವಾಗಿ ಬರೆಯುತ್ತದೆಯೇ? ಇಲ್ಲ. ನನ್ನ ಚಿಂತೆ ಇರುವುದೇ ಇಲ್ಲಿ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, 26,328, ಆತ್ಮಹತ್ಯೆಗಳು. ಥ್ರಿಲ್ಲರ್ ಕಾದಂಬರಿಗಳಲ್ಲಿ ಹುಡುಕಿ ನೋಡಿ, ಬಂದೂಕು ಸಿಡಿಯುವುದು ಮಧ್ಯರಾತ್ರಿ ಕಿಟಕಿ ಒಡೆದು ಬಂದ ಕಳ್ಳನ ಮೇಲೆ, ಇಲ್ಲವೇ ಶಾಲೆಯ ಕಾರಿಡಾರಿನಲ್ಲಿ. ಮೊದಲನೆಯದನ್ನು ಓದಿದವರು ದಿಂಬಿನ ಪಕ್ಕ ಪಿಸ್ತೂಲು ಬೇಕು ಅನ್ನುತ್ತಾರೆ. ಎರಡನೆಯದನ್ನು ಓದಿದವರು ರೈಫಲ್ ನಿಷೇಧಿಸಿ ಅನ್ನುತ್ತಾರೆ. ಅತಿ ಹೆಚ್ಚು ಜನ ಸಾಯುವ ಬಗೆ ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟ ಗಳಿಗೆಯಲ್ಲಿ ಬಂದೂಕು ಬೀಗದ ಪೆಟ್ಟಿಗೆಯಲ್ಲಿತ್ತು, ಗಳಿಗೆ ದಾಟಿತು, ಏನೂ ಆಗಲಿಲ್ಲ ಎನ್ನುವುದರಲ್ಲಿ ಥ್ರಿಲ್ಲರ್ ಎಲ್ಲಿದೆ? ಅಮೆರಿಕದಲ್ಲಿ ಬಂದೂಕನ್ನು ಬೀಗ ಹಾಕಿಡಬೇಕೆನ್ನುವ, ಕೊಳ್ಳುವ ಮುನ್ನ ಕೆಲವು ದಿನ ಕಾಯಬೇಕೆನ್ನುವ ನಿಯಮಗಳಿಗೆ ಕಾದಂಬರಿಕಾರರ ಬೆಂಬಲ ಸಿಗುವುದು ಕಷ್ಟ.

ಕಥೆ ಎಸೆದ ಕಡೆ ಹೋಗಿ ಬೀಳುತ್ತದೆ ಅಂತಲೂ ಇಲ್ಲ. ಅಪ್ಟನ್ ಸಿಂಕ್ಲೇರ್ 1906ರಲ್ಲಿ ‘ದಿ ಜಂಗಲ್’ ಬರೆದದ್ದು ಶಿಕಾಗೋದ ಮಾಂಸದ ಕಾರ್ಖಾನೆಗಳ ಕೂಲಿಕಾರರ ಪಾಡು ತೋರಿಸಲು. ಓದುಗರಿಗೆ ಹೇಸಿಗೆಯಾದದ್ದು ಮಾಂಸದ ಬಗ್ಗೆ. ಅದೇ ವರ್ಷ ಮಾಂಸ ತಪಾಸಣೆಯ ಕಾನೂನು ಬಂತು. ಜನರ ಹೃದಯಕ್ಕೆ ಗುರಿ ಇಟ್ಟೆ, ತಾಗಿದ್ದು ಹೊಟ್ಟೆಗೆ ಅಂತ ಸಿಂಕ್ಲೇರ್ ಗೊಣಗಿದರು.

ಸ್ಟೀಫನ್ ಕಿಂಗ್ ವಿಷಯ ಇನ್ನೂ ವಿಚಿತ್ರ. ಶಾಲೆಗೆ ಪಿಸ್ತೂಲು ತರುವ ಹುಡುಗನ ಬಗ್ಗೆ ಅವರ ‘ರೇಜ್’ ಕಾದಂಬರಿ 1977ರಲ್ಲಿ ಬೇರೆ ಹೆಸರಿನಲ್ಲಿ ಬಂದಿತ್ತು. 1997ರಲ್ಲಿ ಕೆಂಟಕಿಯ ಶಾಲೆಯೊಂದರಲ್ಲಿ ವಿದ್ಯಾರ್ಥಿಯೊಬ್ಬ ಗುಂಡು ಹಾರಿಸಿ ಮೂವರು ಹುಡುಗಿಯರನ್ನು ಕೊಂದ. ಅವನ ಲಾಕರಿನಲ್ಲಿ ಆ ಪುಸ್ತಕ ಸಿಕ್ಕಿತು. ಕಿಂಗ್ ಅದರ ಮುದ್ರಣ ನಿಲ್ಲಿಸಿಬಿಟ್ಟರು. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ದೊಡ್ಡವರೂ ಗುಂಡಿಗೆ ಬಲಿಯಾದ ಮೇಲೆ, ಜನರ ಮನಸ್ಸು ಬದಲಿಸಬೇಕು ಅಂತ ಅವರು ಪೆನ್ನು ಹಿಡಿದರು. ಕಥೆ ಬರೆಯಲಿಲ್ಲ, 2013ರ ಜನವರಿಯಲ್ಲಿ ‘ಗನ್ಸ್’ ಎಂಬ ಪ್ರಬಂಧವನ್ನು ಇ-ಪುಸ್ತಕವಾಗಿ ತಂದರು. ಅದರಲ್ಲಿ ತಮ್ಮ ಬಳಿಯೇ ಮೂರು ಪಿಸ್ತೂಲುಗಳಿವೆ ಅಂತ ಮೊದಲು ಹೇಳಿಕೊಂಡು, ಆಮೇಲೆ ಕೊಳ್ಳುವ ಪ್ರತಿಯೊಬ್ಬರ ಹಿನ್ನೆಲೆ ತಪಾಸಣೆ ಆಗಬೇಕು, ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನುಗಳನ್ನೂ ಅಸಾಲ್ಟ್ ರೈಫಲ್‌ಗಳನ್ನೂ ನಿಷೇಧಿಸಬೇಕು ಎಂದು ವಾದಿಸಿದರು.