ಜಮೀನ್ದಾರರ ಎಸ್ಟೇಟ್ ಒಡೆದ ಜಾಕ್ ಮೆಕೆಂಜಿ, ಮತ್ತೆ ಅವನ ಕಣ್ಣಿಗೆ ಬೀಳದ ಇನ್ನೊಂದು ಭೂಮಿ

ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಚೆವಿಯಟ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಕ್ರಿಕೆಟ್ ಪೆವಿಲಿಯನ್ ಮುಂದಿರೋ ಮೆಟ್ಟಿಲು ನೋಡಿದ್ರೆ ಇದೇನಪ್ಪ, ಮೈದಾನಕ್ಕೆ ಅರಮನೆ ಮೆಟ್ಟಿಲು ಹಾಕಿದ್ದಾರೆ ಅನ್ಸುತ್ತೆ. ಅದು ನಿಜವಾಗ್ಲೂ ಒಂದು ದೊಡ್ಡ ಬಂಗಲೆದೇ. 1936ರಲ್ಲಿ ಬಂಗಲೆ ಸುಟ್ಟೋಯ್ತು, ಅಡಿಪಾಯ ಮತ್ತೆ ಮೆಟ್ಟಿಲು ಉಳ್ಕೊಂಡ್ವು, ಅದರ ಮೇಲೇ ಪೆವಿಲಿಯನ್ ಎದ್ದಿತು. ಬಂಗಲೆ ಯಜಮಾನ ವಿಲಿಯಂ ರಾಬಿನ್ಸನ್. ಸಾಲ ಗೀಲ ಇಲ್ಲ, ಕೈಯಲ್ಲೇ ದುಡ್ಡು ಎಣಿಸಿ ಜಮೀನು ಕೊಳ್ತಿದ್ದ ಅಂತ ಜನ ಇಟ್ಟ ಹೆಸರು 'ರೆಡಿ ಮನಿ ರಾಬಿನ್ಸನ್'. ಅವನ ಚೆವಿಯಟ್ ಹಿಲ್ಸ್ ಎಸ್ಟೇಟು ಸುಮಾರು 84,000 ಎಕರೆ, ನೋಡಿದಷ್ಟು ದೂರಕ್ಕೂ ಬರೀ ಕುರಿ. 1893ರಲ್ಲಿ ಅದನ್ನ ಸರ್ಕಾರದ ಕೈಲಿ ಕೊಳ್ಳಿಸಿ ತುಂಡು ತುಂಡು ಮಾಡಿ ಹಂಚಿಸಿದ್ದು ಇನ್ನೊಬ್ಬ ರೈತ, ಜಾನ್ ಮೆಕೆಂಜಿ. ಜನರ ಬಾಯಲ್ಲಿ ಜಾಕ್ ಮೆಕೆಂಜಿ.

ಈತ ಹುಟ್ಟಿದ್ದು 1839ರಲ್ಲಿ, ಸ್ಕಾಟ್ಲೆಂಡಿನ ರಾಸ್-ಶೈರ್‌ನಲ್ಲಿ, ಗೇಣಿ ರೈತರ ಮನೇಲಿ. ಆಗ ಹೈಲ್ಯಾಂಡ್ಸ್ ಅನ್ನೋ ಆ ಗುಡ್ಡಗಾಡಲ್ಲಿ ಭೂಮಾಲೀಕರು ತಲೆತಲಾಂತರದಿಂದ ಉಳ್ತಿದ್ದ ಜನಾನ ಒಕ್ಕಲೆಬ್ಬಿಸಿ ಆ ಜಾಗಕ್ಕೆ ಕುರಿ ಬಿಡ್ತಿದ್ರು, ಯಾಕಂದ್ರೆ ಹತ್ತು ಮನೆ ಗೇಣಿಗಿಂತ ಒಬ್ಬ ಕುರಿ ಸಾಹುಕಾರ ಕೊಡೋ ಬಾಡಿಗೆ ಜಾಸ್ತಿ. (ಹಾಗೆ ತಂದು ಬಿಟ್ಟ ಮುಖ್ಯ ಕುರಿ ತಳಿ ಹೆಸರೂ ಚೆವಿಯಟ್ಟೇ, ಕಾಕತಾಳೀಯ ನೋಡಿ.) 1845ರಲ್ಲಿ ಗ್ಲೆನ್‌ಕಾಲ್ವಿ ಅನ್ನೋ ಕಣಿವೆಯಿಂದ ಎಬ್ಬಿಸಿದ ಸಂಸಾರಗಳು ಎಲ್ಲೂ ಜಾಗ ಸಿಗದೆ ಕ್ರಾಯಿಕ್ ಚರ್ಚಿನ ಸ್ಮಶಾನದಲ್ಲಿ ಸಮಾಧಿಗಳ ನಡುವೆ ಟೆಂಟ್ ಹಾಕ್ಕೊಂಡು ಮಕ್ಕಳು ಮರಿ ಸಮೇತ ಕೂತಿದ್ರು. ಚರ್ಚ್ ಕಿಟಕಿ ಗಾಜಿನ ಮೇಲೆ ಗೀಚಿದ ಸಾಲುಗಳು ಈಗ್ಲೂ ಇವೆ, ಅದರಲ್ಲಿ ಒಂದು ಹೇಳೋದು ಗ್ಲೆನ್‌ಕಾಲ್ವಿ ಜನ ಪಾಪಿ ಪೀಳಿಗೆ ಅಂತ. ಮನೆ ಕಳ್ಕೊಂಡವರೇ ತಮ್ಮ ಪಾಪಕ್ಕೆ ಹೀಗಾಯ್ತು ಅಂದ್ಕೊಂಡಿದ್ರು! ಐದಾರು ವರ್ಷದ ಜಾಕ್ ಆ ದೃಶ್ಯ ಕಣ್ಣಾರೆ ಕಂಡಿದ್ದ, ಜಮೀನ್ದಾರರ ಮೇಲೆ ಅವನಿಗಿದ್ದ ಸಿಟ್ಟಿಗೆ ಬೇರು ಅಲ್ಲೇ ಅಂತಾರೆ.

1860ರಲ್ಲಿ ಹೆಂಡತಿ ಜೊತೆ ಹಡಗು ಹತ್ತಿ ನ್ಯೂಜಿಲೆಂಡ್‌ನ ಒಟಾಗೊ ಪ್ರಾಂತ್ಯಕ್ಕೆ ಬಂದ. ಮೊದ್ಲು ಪಾಮರ್ಸ್ಟನ್ ಹತ್ರ ಒಂದು ದೊಡ್ಡ ಸ್ಟೇಷನ್‌ನಲ್ಲಿ (ಅಲ್ಲಿ ಸ್ಟೇಷನ್ ಅಂದ್ರೆ ಕುರಿ ಎಸ್ಟೇಟು) ಕುರಿ ಕಾಯೋ ಕೆಲಸ, ಆಮೇಲೆ ಅಲ್ಲೇ ಮ್ಯಾನೇಜರ್, ಆಮೇಲೆ ಶ್ಯಾಗ್ ವ್ಯಾಲಿಯಲ್ಲಿ ಸ್ವಂತ ಜಮೀನು. ಊರಿನ ರೋಡ್ ಬೋರ್ಡಿಗೆ (ರಸ್ತೆ ನೋಡ್ಕೊಳ್ಳೋ ಸ್ಥಳೀಯ ಮಂಡಳಿ) ಕ್ಲರ್ಕ್ ಆದ. ಕೇಳೋಕೆ ಏನೂ ಅಲ್ಲದ ಕೆಲಸ, ಆದ್ರೆ ಯಾರ ಹೆಸರಲ್ಲಿ ಎಷ್ಟು ಜಮೀನಿದೆ, ಯಾರು ತೆರಿಗೆ ಕಟ್ತಾರೆ, ರಸ್ತೆ ಯಾರ ಗೇಟಿನವರೆಗೆ ಹೋಗಿ ನಿಲ್ಲುತ್ತೆ ಅನ್ನೋದು ಅಂಥ ಕ್ಲರ್ಕಿಗೆ ಗೊತ್ತಿರೋ ಹಾಗೆ ಮಂತ್ರಿಗೂ ಗೊತ್ತಿರಲ್ಲ. 1871ರಲ್ಲಿ ಒಟಾಗೊ ಪ್ರಾಂತೀಯ ಸಭೆ, 1881ರಲ್ಲಿ ಪಾರ್ಲಿಮೆಂಟು.

ಆ ಕಾಲದ ಜಮೀನು ಆಟಗಳನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಇಲ್ಲಾಂದ್ರೆ ಈ ಮನುಷ್ಯನ ಹಠ ಅರ್ಥ ಆಗಲ್ಲ. ಒಂದು 'ಸ್ಪಾಟಿಂಗ್': ನೀರಿರೋ ಜಾಗ, ತೊರೆ ದಾಟೋ ಜಾಗ ಅಷ್ಟನ್ನೇ ಕೊಂಡುಬಿಡೋದು, ನೀರಿಲ್ಲದ ಸುತ್ತಲ ನೆಲ ಬೇರೆ ಯಾರಿಗೂ ಬೇಡ. ಇನ್ನೊಂದು 'ಗ್ರಿಡೈರನಿಂಗ್', ಕ್ಯಾಂಟರ್ಬರಿ ಕಡೆ ಜಾಸ್ತಿ. ಅಲ್ಲಿ 20 ಎಕರೆ ಅಥವಾ ಮೇಲಿದ್ರೆ ಯಾರು ಬೇಕಾದ್ರೂ ಎಕರೆಗೆ 2 ಪೌಂಡ್ ಕೊಟ್ಟು ನೇರ ಕೊಳ್ಬಹುದಿತ್ತು, ಅದಕ್ಕಿಂತ ಸಣ್ಣ ತುಂಡಾದ್ರೆ ಹರಾಜು. ಸಾಹುಕಾರ ಏನ್ಮಾಡ್ತಿದ್ದ ಅಂದ್ರೆ 20 ಎಕರೆ ಕೊಳ್ಳೋದು, ಪಕ್ಕದಲ್ಲಿ 19 ಎಕರೆ ಬಿಡೋದು, ಮತ್ತೆ 20 ಕೊಳ್ಳೋದು. ಮಧ್ಯ ಸಿಕ್ಕಾಕ್ಕೊಂಡ 19 ಎಕರೆಗೆ ಯಾವ ಬಡವ ಹರಾಜು ಕೂಗ್ತಾನೆ? ಅರ್ಧ ದುಡ್ಡಿಗೆ ಪೂರ್ತಿ ಹುಲ್ಲುಗಾವಲು ಕೈಲಿ. ಮೂರನೇದು ನಮಗೆ ಹೊಸದಲ್ಲ, ಬೇನಾಮಿ. ಅಲ್ಲಿ ಅದಕ್ಕೆ 'ಡಮ್ಮಿ' ಅಂತಿದ್ರು, ಆಳುಗಳ ಹೆಸರು, ನೆಂಟರ ಹೆಸರು. ಡಮ್ಮಿಗಳನ್ನ ಹಿಡಿಯೋದನ್ನ ಮೆಕೆಂಜಿ ಜೀವನದ ಕೆಲಸ ಮಾಡ್ಕೊಂಡ.

ಇಷ್ಟಾದ್ರೂ ಬರೀ ಹಠದಿಂದ ಏನೂ ಆಗ್ತಿರ್ಲಿಲ್ಲ, ನಿಜವಾದ ತಿರುವು ಬಂದಿದ್ದು ಐಸಿಂದ. 1882ರ ಫೆಬ್ರವರೀಲಿ ಪೋರ್ಟ್ ಚಾಮರ್ಸ್ ಬಂದರಿಂದ 'ಡನೀಡಿನ್' ಅನ್ನೋ ಹಡಗು ಹೆಪ್ಪುಗಟ್ಟಿಸಿದ ಕುರಿ ಮಾಂಸ ತುಂಬ್ಕೊಂಡು ಲಂಡನ್‌ಗೆ ಹೊರಟು ಕೆಡದಂಗೆ ತಲುಪಿಸ್ತು. ಅಲ್ಲೀವರೆಗೆ ಅಷ್ಟು ದೂರ ಕಳಿಸಿ ಕಾಸು ಮಾಡೋ ಮಾಲು ಅಂದ್ರೆ ಉಣ್ಣೆ, ಉಣ್ಣೆಗೆ ಬೇಕಾಗಿದ್ದು ಸಾವಿರಾರು ಎಕರೆ. ಈಗ ಮಾಂಸ, ಬೆಣ್ಣೆ, ಚೀಸ್ ಕೂಡ ಹೋಗುತ್ತೆ ಅಂದ್ಮೇಲೆ ಸಣ್ಣ ಹಿಡುವಳಿಯಲ್ಲೂ ಒಂದು ಸಂಸಾರ ಬದುಕ್ಬಹುದು ಅನ್ನೋ ಲೆಕ್ಕ ಕೂತ್ಕೊಳ್ತು.

1891ರಲ್ಲಿ ಲಿಬರಲ್ ಸರ್ಕಾರ ಬಂತು, ಮೆಕೆಂಜಿ ಭೂಮಿ ಮಂತ್ರಿ. ಅದೇ ವರ್ಷ ಭೂ ತೆರಿಗೆ. ಅದರಲ್ಲೊಂದು ಮಜಾ ಇತ್ತು: ಸರ್ಕಾರ ಕಟ್ಟಿದ ಬೆಲೆ ಜಾಸ್ತಿ ಅಂತ ಮಾಲೀಕ ತಕರಾರು ತೆಗೆದ್ರೆ, ಒಂದೋ ಸರ್ಕಾರ ಅವನು ಹೇಳಿದ ಬೆಲೆ ಒಪ್ಕೊಬೇಕು, ಇಲ್ಲ ಅದೇ ಬೆಲೆಗೆ ಜಮೀನು ಕೊಂಡ್ಕೊಬೇಕು. ರೆಡಿ ಮನಿ ರಾಬಿನ್ಸನ್ 1889ರಲ್ಲೇ ತೀರಿಹೋಗಿದ್ದ, ಅವನ ಆಸ್ತಿ ನೋಡ್ಕೊಳ್ತಿದ್ದ ಟ್ರಸ್ಟಿಗಳು ಚೆವಿಯಟ್ ಹಿಲ್ಸ್ ಬೆಲೆ ಅಷ್ಟಿಲ್ಲ, ಎರಡೂವರೆ ಲಕ್ಷ ಪೌಂಡ್ ಚಿಲ್ಲರೆ ಅಷ್ಟೇ ಅಂದ್ರು. ಸರಿ ಅಂತ ಸರ್ಕಾರ ಕೊಂಡೇಬಿಡ್ತು! ಹೊಸ ಊರಿಗೆ ಮೊದಲು ಇಟ್ಟ ಹೆಸರೇ ಮೆಕೆಂಜಿ. 1894ರ ಕಾನೂನು ಬಂದ್ಮೇಲೆ ಒಪ್ಪದಿದ್ರೂ ಕಡ್ಡಾಯವಾಗಿ ಕೊಳ್ಳೋ ಅಧಿಕಾರ ಸಿಕ್ತು. ಹಂಚಿದ್ದು ಹೆಚ್ಚಾಗಿ ಸ್ವಂತಕ್ಕಲ್ಲ, ಗುತ್ತಿಗೆಗೆ, ಅದೂ ಎಷ್ಟೋ ಕಡೆ 999 ವರ್ಷದ ಗುತ್ತಿಗೆ. ಈ 999ರ ಐಡಿಯಾ ಮಾತ್ರ ನನಗೆ ಸ್ವಲ್ಪ ತಮಾಷೆ ಅನ್ಸುತ್ತೆ, ಸಾವಿರ ವರ್ಷ ಬಾಡಿಗೆ ಬದಲಾಗಲ್ಲ ಅಂದ್ರೆ ಅದು ಸರ್ಕಾರಿ ಜಮೀನು ಅಂತ ಕಾಗದದಲ್ಲಷ್ಟೇ. ಜನರಿಗೂ ಸಮಾಧಾನ ಆಗ್ಲಿಲ್ಲ, ಮಾಲೀಕತ್ವನೇ ಬೇಕಿತ್ತು, 1912ರಲ್ಲಿ ಬೇರೆ ಪಕ್ಷ ಬಂದು ಅದನ್ನೂ ಕೊಡ್ತು.

ಈಗ ಎಲ್ಲರೂ ಮೆತ್ತಗೆ ದಾಟೋ ಭಾಗ. ಲಿಬರಲ್‌ಗಳು ಇಪ್ಪತ್ತು ವರ್ಷದಲ್ಲಿ ಒಡೆದ ದೊಡ್ಡ ಎಸ್ಟೇಟ್‌ಗಳು ಎಲ್ಲಾ ಸೇರಿ ಹತ್ತು ಲಕ್ಷ ಎಕರೆ ಚಿಲ್ಲರೆ, ಅದೇ ಅವಧೀಲಿ ಆ ನಾಡಿನ ಮೂಲನಿವಾಸಿಗಳಾದ ಮಾವೋರಿಗಳಿಂದ ಸರ್ಕಾರ ಕೊಂಡಿದ್ದು ಸುಮಾರು 30 ಲಕ್ಷ ಎಕರೆ, ಬಹುಪಾಲು ಉತ್ತರ ದ್ವೀಪದಲ್ಲಿ. ಚೆವಿಯಟ್‌ಗೆ ಎಕರೆಗೆ 3 ಪೌಂಡ್ ಆಸುಪಾಸು ಬಿದ್ದಿತ್ತು, ಮಾವೋರಿ ಭೂಮಿಗೆ ಕೆಲವು ಶಿಲಿಂಗ್, ಒಂದು ಪೌಂಡಿಗೆ 20 ಶಿಲಿಂಗ್ ಅನ್ನೋದು ನೆನಪಿರ್ಲಿ. ಖಾಸಗಿಯವರಿಗೆ ಮಾರೋ ಹಾಗಿಲ್ಲ ಅಂತ 1894ರಲ್ಲಿ ಬಾಗಿಲು ಹಾಕಿದ್ರು, ಕೊಳ್ಳೋನು ಒಬ್ನೇ ಅಂದ್ಮೇಲೆ ಬೆಲೆ ಅವನು ಹೇಳಿದ್ದೇ. ಮೆಕೆಂಜಿ ಲೆಕ್ಕದಲ್ಲಿ ಬುಡಕಟ್ಟಿನ ಒಟ್ಟು ಜಮೀನೂ ರಾಬಿನ್ಸನ್ ಎಸ್ಟೇಟೂ ಒಂದೇ, ಉಳದೆ ಬಿದ್ದಿರೋ ನೆಲ. ಸ್ಮಶಾನದಲ್ಲಿ ಕೂತ ಗ್ಲೆನ್‌ಕಾಲ್ವಿಯವರ ಸಂಕಟ ಅರ್ಥ ಆದವನಿಗೆ ಇದು ಹೊಳೀಲೇ ಇಲ್ವಾ ಅಂತ ನನಗೆ ಸಿಟ್ಟು ಬರುತ್ತೆ. 1899ರಲ್ಲಿ ಮಾವೋರಿ ಮೂಲದವನೇ ಆದ ಜೇಮ್ಸ್ ಕ್ಯಾರಲ್ ಮಾವೋರಿಗಳ ಖಾತೆ ಮಂತ್ರಿ ಆದ್ಮೇಲೆ 'ತೈಹೋವಾ' ಅಂದ, ಅಂದ್ರೆ ತಡೀರಿ ಅಂತ, ಆಗ ಕೊಳ್ಳೋ ವೇಗ ಸ್ವಲ್ಪ ಇಳೀತು.

ಅಷ್ಟೊತ್ತಿಗೆ ಮೆಕೆಂಜಿಗೆ ಆರೋಗ್ಯ ಕೆಟ್ಟಿತ್ತು. 1901ರಲ್ಲಿ ಬ್ರಿಟನ್ ರಾಜಕುಮಾರ ಪ್ರವಾಸ ಬಂದಾಗ ಈತನಿಗೆ 'ಸರ್' ಬಿರುದು ಕೊಟ್ಟಿದ್ದು ಶ್ಯಾಗ್ ವ್ಯಾಲಿ ಹತ್ರ ರೈಲು ಬೋಗಿಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ತೀರ್ಕೊಂಡ. ಪಾಮರ್ಸ್ಟನ್ ಪಕ್ಕದ ಪುಕೆಟಾಪು ಗುಡ್ಡದ ತುದೀಲಿ ಅವನ ನೆನಪಿಗೆ ಕಟ್ಟಿದ ಕಲ್ಲಿನ ಗೋಪುರ ದೂರದಿಂದ್ಲೇ ಕಾಣುತ್ತೆ. ಹೆಸರು ಮಾವೋರಿದು, ಪುಕೆ ಅಂದ್ರೆ ಗುಡ್ಡ, ಟಾಪು ಅಂದ್ರೆ ಪವಿತ್ರ. ಆ ಗುಡ್ಡ, ಮೆಕೆಂಜಿ ಸ್ವಂತ ಜಮೀನು, ಎಲ್ಲಾನೂ ಸೇರಿ ಕೋಟಿಗೂ ಹೆಚ್ಚು ಎಕರೆ 1848ರಲ್ಲಿ ನೈ ತಾಹು ಬುಡಕಟ್ಟಿನಿಂದ ಸರ್ಕಾರದ ಕೈಗೆ ಹೋಗಿತ್ತು, ಒಟ್ಟು 2,000 ಪೌಂಡ್‌ಗೆ. ಅದರ ಬಗ್ಗೆ ನೈ ತಾಹು ಎತ್ತಿದ್ದ ತಕರಾರು ಇತ್ಯರ್ಥ ಆಗಿದ್ದು 1998ರಲ್ಲಿ.